ರೋಹಿಣೀ ನದಿಯ ಕಲಹವೃತ್ತಾಂತ

ಗಾಥೆಗಳ ಸಂದರ್ಭವನ್ನು ತಿಳಿಸುವುದಕ್ಕೋಸ್ಕರ ಪಾಳಿ ಅಟ್ಠಕಥೆಗಳು ಹೇಳುವ ಉಪಾಖ್ಯಾನಗಳ ಪೈಕಿ ಶಾಕ್ಯರಿಗೂ ಕೋಲಿಯರಿಗೂ ರೋಹಿಣೀ ನದಿಯ ನೀರಿನ ವಿಷಯದಲ್ಲಿ ಉಂಟಾದ ಕಲಹದ ವೃತ್ತಾಂತವು ಬಹು ಪ್ರಸಿದ್ಧವಾದುದು. ಧಮ್ಮಪದದ ಸುಖವರ್ಗದ ಮೊದಲ ಮೂರು ಗಾಥೆಗಳಿಗೆ (197–199) ಪೀಠಿಕೆಯಾಗಿ ಇದು ಧಮ್ಮಪದಟ್ಠಕಥೆಯಲ್ಲಿ ಬಂದಿದೆ. 536ನೆಯದಾದ ಕುಣಾಲ ಜಾತಕದ ಪ್ರಾರಂಭದಲ್ಲಿ ಇನ್ನೂ ವಿಸ್ತಾರವಾಗಿ ಬಂದಿದೆ. ಸುತ್ತನಿಪಾತದ ಅತ್ತದಂಡಸುತ್ತಕ್ಕೂ ಇದನ್ನೇ ನಿಮಿತ್ತವಾಗಿ ಹೇಳುವ ಸಂಪ್ರದಾಯವುಂಟು. ಬರ್ಲಿಂಗೇಮ್ ಎಂಬ ಪಂಡಿತನು 1921ರಲ್ಲಿ ಧಮ್ಮಪದಟ್ಠಕಥೆಯ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದನು, ಜಿ. ಪಿ. ರಾಜರತ್ನಂ ಮೊದಲಾದವರ ಪರಿಶ್ರಮದಿಂದ ಬೌದ್ಧಕಥೆಗಳು ಕನ್ನಡಿಗರಿಗೂ ಪರಿಚಿತವಾಗಿವೆ. ಇಷ್ಟು ಪ್ರಚಾರದಲ್ಲಿರುವ ಕಥೆಯಾದರೂ ಅದರಿಂದ ನೀತಿಯೊಂದನ್ನು ಕಿತ್ತುಕೊಂಡು ಉಳಿದುದನ್ನು ಬಿಟ್ಟುಬಿಡುವುದೇ ವಾಡಿಕೆಯಾಗಿದೆ. ಅಲ್ಪವಾದ ವಸ್ತುವಿಗಾಗಿ ಬಂಧುಗಳು ಹೊಡೆದಾಡಬಾರದು ಎಂಬುದೇ ಆ ನೀತಿ. ಕಥೆಯು ನಿಜವಾಗಿ ಇಷ್ಟನ್ನೇ ಹೇಳುತ್ತದೆಯೆ, ಹೇಳಿದರೂ ಅದು ಸಮಂಜಸವೆ ಎಂಬುದು ವಿಚಾರಣೀಯವಾಗಿದೆ.

ವೃತ್ತಾಂತವು ಸಂಕ್ಷೇಪವಾಗಿ ಹೀಗಿದೆ: ಶಾಕ್ಯರ ಕಪಿಲವಸ್ತುವಿಗೂ ಕೋಲಿಯರ ಪಟ್ಟಣಕ್ಕೂ ನಡುವೆ ರೋಹಿಣೀ ನದಿಯು ಹರಿಯುತ್ತಿತ್ತು. ಉಭಯ ಪಕ್ಷದವರೂ ಒಂದೇ ಕಟ್ಟೆಯನ್ನು ಕಟ್ಟಿಸಿ ಬೆಳೆ ತೆಗೆಯುತ್ತಿದ್ದರು. ಜ್ಯೇಷ್ಠಮಾಸದಲ್ಲಿ ಪೈರು ಬಾಡತೊಡಗಲು ಎರಡು ಊರಿನ ಆಳುಗಳೂ ಕಟ್ಟೆಯ ಬಳಿ ಸೇರಿದರು. ಇರುವ ನೀರನ್ನು ಇಬ್ಬರೂ ಹಂಚಿಕೊಂಡರೆ ಯಾರಿಗೂ ಸಾಲದು, ತಮ್ಮ ಪೈರು ಒಂದೇ ನೀರಿಗೆ ಬಲಿಯುವುದು, ಆದುದರಿಂದ ಅದನ್ನು ತಮಗೆ ಬಿಡಬೇಕು ಎಂದು ಕೋಲಿಯರ ಕಡೆಯವರು ಕೇಳಿದರು. ಅದಕ್ಕೆ ಶಾಕ್ಯರ ಕಡೆಯವರು, ನೀವು ಕಣಜಗಳನ್ನು ತುಂಬಿಕೊಂಡು ಕುಳಿತ ಮೇಲೆ ನಾವು ಹೊನ್ನನ್ನೂ ನೀಲಮಣಿಗಳನ್ನೂ ಕಾರ್ಷಾಪಣಗಳನ್ನೂ ಹಿಡಿದು ಬುಟ್ಟಿ ಚೀಲಗಳೊಡನೆ ನಿಮ್ಮ ಮನೆಬಾಗಿಲುಗಳನ್ನು ಸುತ್ತಲಾರೆವು, ನಮ್ಮ ಪೈರೂ ಒಂದೇ ನೀರಿಗೆ ಬಲಿಯುವುದು ಎಂದರು. ಕೊಡೆವು ಎಂದು ಇವರು, ಕೊಡೆವು ಎಂದು ಅವರು. ಒಬ್ಬನು ಎದ್ದು ಇನ್ನೊಬ್ಬನನ್ನು ಹೊಡೆದನು. ಹೊಡೆತದಿಂದ ಬೈಗುಳಕ್ಕೆ, ಬೈಗುಳದಿಂದ ರಾಜಕುಲಗಳ ಹುಟ್ಟಿನ ಮೇಲಣ ನಿಂದೆಗೆ ಜಗಳವು ಬೆಳೆಯಿತು. ಸುದ್ದಿಯು ಅಧಿಕಾರದ ಅಮಾತ್ಯರಿಗೂ ಅವರಿಂದ ರಾಜಕುಲಗಳಿಗೂ ಮುಟ್ಟಿ ಎರಡು ಕಡೆಯಿಂದಲೂ ಸೇನೆಗಳು ಹೊರಟವು. ಆಗ ಬುದ್ಧನು ಆಕಾಶಮಾರ್ಗದಿಂದ ಬಂದು ನದಿಯ ಮಧ್ಯದಲ್ಲಿ ಅಂತರಿಕ್ಷದಲ್ಲಿ ಪದ್ಮಾಸನಸ್ಥನಾಗಿ ಕುಳಿತು, ಕಲಹವು ಯಾತಕ್ಕಾಗಿ ಎಂದು ರಾಜರನ್ನು ಕೇಳಿದನು. ಅವರಿಗೆ ತಿಳಿಯದು. ಯಾರಿಗೆ ತಿಳಿದೀತೆಂದು ಕೇಳುತ್ತ ಕೇಳುತ್ತ ಉಪರಾಜ ಸೇನಾಪತಿ ಮುಂತಾದವರನ್ನೆಲ್ಲ ದಾಟಿ ಕೊನೆಗೆ ದಾಸರನ್ನೂ ಕೂಲಿಯಾಳುಗಳನ್ನೂ ವಿಚಾರಿಸಲಾಗಿ, ನೀರಿಗಾಗಿ ಎಂಬ ಉತ್ತರವು ಬಂದಿತು. ನೀರಿನ ಬೆಲೆಯೇನು ಎಂದರೆ ಅಲ್ಪವೆಂದೂ, ಕ್ಷತ್ರಿಯರ ಬೆಲೆಯೇನು ಎಂದರೆ ಬೆಲೆಕಟ್ಟಲಾಗದೆಂದೂ ರಾಜರು ಒಪ್ಪಿಕೊಂಡರು. ಅಲ್ಪಮೌಲ್ಯವಾದುದಕ್ಕಾಗಿ ಅಮೂಲ್ಯವಾದುದನ್ನು ನಾಶಮಾಡುವುದು ಯುಕ್ತವಲ್ಲವೆಂದು ಉಪದೇಶವಾಗಿ ಯುದ್ಧವು ನಿಂತಿತು.

ಈ ಕಥೆಯ ಪೂರ್ವಾರ್ಧವನ್ನು ಬರೆದ ಕೈಗೆ ಬೇಸಾಯದ ಅನುಭವವಿತ್ತೆಂಬುದರಲ್ಲಿ ಸಂದೇಹವಿಲ್ಲ. ಕೋಲಿಯರ ವಾದವನ್ನು ಬರಿಯ ದುರಾಶೆಯೆಂದು ತಳ್ಳಿಹಾಕಲಾಗುವುದಿಲ್ಲ. ಬಾಡಿದ ಪೈರಿಗೆ ಅರ್ಧ ನೀರು ಕೊಟ್ಟರೆ ಅರ್ಧ ಬೆಳೆ ಬಂದೀತೆಂಬ ಲೆಕ್ಕವು ಕಾಗದದ ಮೇಲೆ ಸರಿಹೋಗುವುದೇ ಹೊರತು ಗದ್ದೆಯಲ್ಲಲ್ಲ. ಕಾಳು ಕಟ್ಟುವ ಹೊತ್ತಿನ ಒಂದು ನೀರು ತಪ್ಪಿದರೆ ಹಿಂದಣ ಹತ್ತು ನೀರುಗಳೂ ವ್ಯರ್ಥವಾಗುತ್ತವೆ. ಹಂಚಿದರೆ ಇಬ್ಬರೂ ಕೆಡುವ, ಹಂಚದಿದ್ದರೆ ಒಬ್ಬನು ಮಾತ್ರ ಉಳಿಯುವ ಸಂಕಟವಿದು. ಶಾಕ್ಯರ ಉತ್ತರವು ಇದಕ್ಕಿಂತಲೂ ತೀಕ್ಷ್ಣವಾಗಿದೆ. ಚಿನ್ನವಿದ್ದವನೂ ಧಾನ್ಯವಿದ್ದವನ ಬಾಗಿಲಲ್ಲಿ ಯಾಚಕನಾಗುವನೆಂಬುದನ್ನು ಅವರು ಬಲ್ಲರು. ಅನಂತರ ಅವರು ಎದುರಾಳಿಯ ಮಾತನ್ನೇ, ಅದೇ ಪದಗಳಲ್ಲಿ, ಹಿಂದಿರುಗಿಸುತ್ತಾರೆ. ಯಾರ ಪಕ್ಷದಲ್ಲಿ ನ್ಯಾಯವಿದೆಯೆಂದು ಕಥೆಗಾರನು ಹೇಳುವುದಿಲ್ಲ, ಹೇಳಲು ಮನಸ್ಸುಮಾಡಿದಂತೆಯೂ ಕಾಣುವುದಿಲ್ಲ. ಮೇಲುಹೊಳೆಯವನು, ಕೆಳಹೊಳೆಯವನು ಎಂಬ ಭೇದವೂ ಇಲ್ಲಿಲ್ಲ. ಎದುರುಬದುರು ದಡಗಳು, ನಡುವೆ ಒಂದೇ ಕಟ್ಟೆ. ಆ ಕಟ್ಟೆಯನ್ನು ಇಬ್ಬರೂ ಸೇರಿ ಕಟ್ಟಿಸಿದ್ದರು ಎಂಬ ಸಂಗತಿಯು ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಕಟ್ಟೆಯೆಂದ ಮೇಲೆ ಮಣ್ಣು ಹೊರುವ, ಬಿರುಕು ಮುಚ್ಚುವ, ಹೂಳು ತೆಗೆಯುವ ಕೆಲಸವು ವರ್ಷವರ್ಷವೂ ನಡೆದಿರಲೇಬೇಕು. ಅದು ಕಲಹವಿಲ್ಲದ ಕಾಲದ ಇತಿಹಾಸವಾದುದರಿಂದ ಅದಕ್ಕೆ ಕಥೆಯಲ್ಲಿ ಸ್ಥಳವಿಲ್ಲ. ಅಟ್ಠಕಥೆಗಳು ಈಗಿರುವ ರೂಪವನ್ನು ತಳೆದುದು ಸುಮಾರು ಕ್ರಿ. ಶ. 5ನೆಯ ಶತಮಾನದಲ್ಲಿ, ಸಿಂಹಳದಲ್ಲಿ. ಧಾತುಸೇನನು ಕಲಾವೆವ ಎಂಬ ಮಹಾತಟಾಕವನ್ನು ಕಟ್ಟಿಸಿದುದೂ ಆ ಶತಮಾನದಲ್ಲಿಯೇ. ಕೆರೆ ಕಾಲುವೆಗಳಿಲ್ಲದೆ ಬೆಳೆಯಿಲ್ಲದ ಒಣಸೀಮೆಯಲ್ಲಿ ಕುಳಿತು ಬರೆದವನಿಗೆ ಶಾಕ್ಯರ ದೇಶದ ವಿಷಯವು ಕೇಳಿದ ಮಾತಾಗಿದ್ದರೂ ನೀರಿನ ಸರದಿಯ ಜಗಳವು ಕಂಡ ಮಾತಾಗಿದ್ದಿರಬೇಕೆಂದು ಊಹಿಸಿದರೆ ತಪ್ಪಾಗಲಾರದು.

ಕಥೆಯ ಬಂಧದಲ್ಲಿ ಗಮನಿಸತಕ್ಕ ಚಾತುರ್ಯವು ಮುಂದಣ ಭಾಗದಲ್ಲಿದೆ. ಸುದ್ದಿಯು ಆಳುಗಳಿಂದ ಅಮಾತ್ಯರಿಗೆ, ಅಮಾತ್ಯರಿಂದ ರಾಜಕುಲಕ್ಕೆ ಮೆಟ್ಟಲುಮೆಟ್ಟಲಾಗಿ ಏರುತ್ತದೆ. ಬುದ್ಧನ ಪ್ರಶ್ನೆಯು ಅದೇ ಮೆಟ್ಟಲುಗಳನ್ನು ರಾಜನಿಂದ ದಾಸನವರೆಗೆ ಇಳಿಯುತ್ತದೆ. ಏರುವಾಗ ಏನು ಕಳೆದುಹೋಯಿತೋ ಅದು ಇಳಿದಾಗ ಸಿಕ್ಕುತ್ತದೆ. ಕಳೆದುಹೋದುದು ನೀರು. ಅದರ ಬದಲು ಸೇರಿಕೊಂಡುದು ಕುಲನಿಂದೆ. ಶಾಕ್ಯರ ಮೂಲಪುರುಷರು ತಮ್ಮ ಅಕ್ಕತಂಗಿಯರನ್ನೇ ವಿವಾಹವಾದರೆಂಬ ಐತಿಹ್ಯವನ್ನು ಹಿಡಿದು ಕೋಲಿಯರು ಅವರನ್ನು ನಾಯಿನರಿಗಳಿಗೆ ಹೋಲಿಸುತ್ತಾರೆ. ಕೋಲಿಯರ ಪೂರ್ವಜರು ಕುಷ್ಠರೋಗಿಗಳಾಗಿ ಎಲಚಿಯ ಮರದಲ್ಲಿ ಮೃಗಗಳಂತೆ ವಾಸವಾಗಿದ್ದರೆಂಬ ಐತಿಹ್ಯವನ್ನು ಶಾಕ್ಯರು ಎತ್ತುತ್ತಾರೆ. ಇವೆರಡೂ ಒಂದೇ ವಂಶಕಥೆಯ ಎರಡು ತುಂಡುಗಳೆಂಬುದನ್ನೂ, ಕುಷ್ಠವು ಬಂದು ಕಾಡು ಸೇರಿದವಳು ಶಾಕ್ಯರ ಹಿರಿಯಕ್ಕನೇ ಎಂಬುದನ್ನೂ ಬಲ್ಲ ವಾಚಕನಿಗೆ ಈ ನಿಂದೆಯ ವಿಡಂಬನೆಯು ಸ್ಪಷ್ಟವಾಗುತ್ತದೆ: ಬೈಯುವವನು ತನ್ನನ್ನೇ ಬೈದುಕೊಳ್ಳುತ್ತಿದ್ದಾನೆ. ಯುದ್ಧಕ್ಕೆ ಹೊರಟಾಗಲಂತೂ ಆಯಾ ಪಕ್ಷದವರು ತಮ್ಮ ಮೇಲೆ ಬಿದ್ದ ನಿಂದೆಯನ್ನೇ ಬಿರುದಾಗಿ ಧರಿಸಿ, ಅಂಥವರ ಪರಾಕ್ರಮವನ್ನು ತೋರಿಸುವೆವೆಂದು ಕೂಗುತ್ತ ನಡೆಯುತ್ತಾರೆ. ಆ ವೇಳೆಗೆ ಪೈರಿನ ಮಾತು ಯಾರ ಬಾಯಲ್ಲಿಯೂ ಇಲ್ಲ. ಆದುದರಿಂದ ತಮಗೆ ತಿಳಿಯದೆಂಬ ರಾಜರ ಉತ್ತರವು ಹಾಸ್ಯಕ್ಕಾಗಿ ತಂದದ್ದಲ್ಲ. ಅವರಿಗೆ ನಿಜವಾಗಿಯೂ ತಿಳಿಯದು.

ಈ ಭಾಗದ ಸತ್ಯವನ್ನು ತಿಳಿಯಲು ಕನ್ನಡ ವಾಚಕರು ದೂರ ಹೋಗಬೇಕಾದುದಿಲ್ಲ. ಕಾವೇರಿಯ ವಿಷಯದಲ್ಲಿ ಮೈಸೂರಿಗೂ ಮದರಾಸಿಗೂ 1892ರಲ್ಲಿ ಒಂದು, 1924ರಲ್ಲಿ ಒಂದು ಕರಾರುಗಳಾದವು. 1990ರ ಜೂನಿನಲ್ಲಿ ನ್ಯಾಯಮಂಡಲಿಯು ನೇಮಕವಾಯಿತು. ತಮಿಳುನಾಡಿಗೆ ವರ್ಷಕ್ಕೆ 205 ಟಿ. ಎಂ. ಸಿ. ಅಡಿ ನೀರು ದೊರೆಯುವಂತೆ ಬಿಡಬೇಕೆಂದು 1991ರಲ್ಲಿ ಅದು ಮಧ್ಯಂತರ ಆಜ್ಞೆ ಮಾಡಿತು. ಆ ವರ್ಷದ ಡಿಸೆಂಬರಿನಲ್ಲಿ ಆಜ್ಞೆಯು ಗೆಜೆಟ್ಟಿನಲ್ಲಿ ಪ್ರಕಟವಾದೊಡನೆ ಬೆಂಗಳೂರಿನಲ್ಲಿಯೂ ಮೈಸೂರಿನ ಸುತ್ತಣ ಸೀಮೆಯಲ್ಲಿಯೂ ಮನೆ ಗುಡಿಸಲುಗಳನ್ನು ಬಿಟ್ಟು ಓಡಬೇಕಾಗಿ ಬಂದವರು ತಮಿಳುನುಡಿಯ ಕೂಲಿಕಾರರು. ಅತ್ತ ತಮಿಳುನಾಡಿನಲ್ಲಿ ಪೆಟ್ಟು ತಿಂದವರು ಕನ್ನಡನುಡಿಯ ಕುಟುಂಬಗಳವರು. ಒಂದು ಹನಿ ನೀರನ್ನೂ ಹಿಡಿದಿಡಲಾಗಲಿ ಬಿಡಲಾಗಲಿ ಅಧಿಕಾರವಿಲ್ಲದ ಜನರವರು. 2016ರ ಸೆಪ್ಟೆಂಬರಿನಲ್ಲಿ ಇದೇ ಬಗೆಯ ಘಟನೆಗಳು ಮರುಕಳಿಸಿದವು. ನೀರಿನ ಜಗಳವು ನುಡಿಯ ಜಗಳವಾಗಿ, ಹುಟ್ಟಿನ ಜಗಳವಾಗಿ ತಿರುಗುವ ಬಗೆಯನ್ನು ಅಟ್ಠಕಥಾಕಾರನು ನಾಲ್ಕೈದು ವಾಕ್ಯಗಳಲ್ಲಿ ತೋರಿಸಿದ್ದಾನೆ.

ಹೀಗೆ ಪೂರ್ವಾರ್ಧದಲ್ಲಿ ಇಷ್ಟು ಎಚ್ಚರದಿಂದ ನಡೆದ ಕಥೆಯು ಉತ್ತರಾರ್ಧದಲ್ಲಿ ಎಡವುತ್ತದೆ. ನೀರಿನ ಬೆಲೆಯೇನೆಂಬ ಪ್ರಶ್ನೆಯನ್ನು ಕೇಳಿದುದು ಯಾರನ್ನು? ಕಲಹದ ಕಾರಣವನ್ನು ಬಲ್ಲ ಆಳುಗಳನ್ನಲ್ಲ. ಅದನ್ನು ಅರಿಯದಿದ್ದ ರಾಜರನ್ನು. ಕಾರಣವನ್ನು ತಿಳಿಸಿದ ಮರುಕ್ಷಣವೇ ಆಳುಗಳು ಕಥೆಯಿಂದ ಅದೃಶ್ಯರಾಗುತ್ತಾರೆ. ನೀರಿನ ಬೆಲೆಯನ್ನು ಅವರು ಆಗಲೇ ಹೇಳಿಬಿಟ್ಟಿದ್ದರು. ಹೊನ್ನು, ನೀಲಮಣಿ, ಕಾರ್ಷಾಪಣಗಳನ್ನು ಒಂದು ತಟ್ಟೆಯಲ್ಲಿಟ್ಟು ಜ್ಯೇಷ್ಠಮಾಸದ ಒಂದು ನೀರನ್ನು ಇನ್ನೊಂದರಲ್ಲಿಟ್ಟು ತೂಗಿದವರು ಅವರೇ. ತೂಕದಲ್ಲಿ ನೀರೇ ಭಾರವಾಗಿತ್ತು. ಆ ಮಾತನ್ನು ಬರೆದ ಲೇಖನಿಯೇ ಒಂದೆರಡು ಪುಟಗಳಾಚೆ ನೀರು ಅಲ್ಪಮೌಲ್ಯವೆಂದು ರಾಜರಿಂದ ಹೇಳಿಸುತ್ತದೆ. ಇದು ಸಾಮಾನ್ಯವಾದ ಪೂರ್ವಾಪರವಿರೋಧವಲ್ಲ. ಹೊಲದಲ್ಲಿ ಹುಟ್ಟಿದ ಒಂದು ಕಥೆಗೂ ವಿಹಾರದಲ್ಲಿ ಹುಟ್ಟಿದ ಒಂದು ಕಥೆಗೂ ಹಾಕಿದ ಹೊಲಿಗೆಯು ಇಲ್ಲಿ ಕಾಣುತ್ತದೆ.

ಪ್ರಕರಣಕ್ಕೆ ಅಟ್ಠಕಥೆಯು ಕೊಟ್ಟಿರುವ ಹೆಸರೂ ಈ ಅಭಿಪ್ರಾಯಕ್ಕೆ ಅನುಕೂಲವಾಗಿದೆ. ಅದರ ಹೆಸರು ಜ್ಞಾತಿಗಳ ಕಲಹವನ್ನು ಶಮನಮಾಡಿದ ವಸ್ತು ಎಂದು. ಅದರಲ್ಲಿ ನದಿಯೂ ಇಲ್ಲ, ನೀರೂ ಇಲ್ಲ. ಕುಣಾಲ ಜಾತಕದ ಪಾಠದಲ್ಲಿ ಬುದ್ಧನು ಕಲಹಶಮನಕ್ಕಾಗಿ ಫಂದನ, ದುದ್ದುಭ, ಲಟುಕಿಕ ಎಂಬ ಮೂರು ಜಾತಕಗಳನ್ನೂ ಐಕಮತ್ಯಕ್ಕಾಗಿ ರುಕ್ಖಧಮ್ಮ, ವಟ್ಟಕ ಎಂಬ ಎರಡನ್ನೂ ಹೇಳಿದನೆಂದಿದೆ. ಒಂದರಲ್ಲಿ ಸಿಂಹವೂ ವೃಕ್ಷದೇವತೆಯೂ ಪರಸ್ಪರ ವೈರದಿಂದ ಬಡಗಿಯೊಬ್ಬನ ಕೈಯಲ್ಲಿ ಇಬ್ಬರೂ ಹಾಳಾಗುತ್ತಾರೆ. ಇನ್ನೊಂದರಲ್ಲಿ ಬಿಲ್ವದ ಕಾಯಿ ಬಿದ್ದ ಸದ್ದಿಗೆ ಭೂಮಿಯೇ ಕುಸಿಯಿತೆಂದು ಓಡಿದ ಮೊಲದ ಹಿಂದೆ ಕಾಡೆಲ್ಲ ಓಡುತ್ತದೆ. ಮತ್ತೊಂದರಲ್ಲಿ ಸಣ್ಣ ಹಕ್ಕಿಯು ಆನೆಯ ಮೇಲೆ ಸೇಡು ತೀರಿಸಿಕೊಳ್ಳುತ್ತದೆ. ಉಳಿದೆರಡರಲ್ಲಿ ಒತ್ತಾಗಿ ನಿಂತ ಮರಗಳೂ ಒಟ್ಟಾಗಿ ಹಾರಿದ ಲಾವಕ್ಕಿಗಳೂ ಇವೆ. ದುದ್ದುಭವು ಸುದ್ದಿಯು ಏರುತ್ತ ವಿಕಾರವಾಗುವ ಬಗೆಗೆ ಚೆನ್ನಾಗಿ ಹೊಂದುತ್ತದೆ. ಆದರೆ ಐದರಲ್ಲಿ ಒಂದೂ ಹಂಚಿಕೆಯ ಕಥೆಯಲ್ಲ. ಪ್ರಸನ್ನರಾದ ಉಭಯ ಕುಲದವರೂ ತಲಾ 250 ಮಂದಿ ಕುಮಾರರನ್ನು ಬುದ್ಧನಿಗೆ ಒಪ್ಪಿಸುತ್ತಾರೆ. ಅವರಿಗೆ ಬಿಟ್ಟುಬಂದ ಹೆಂಡಿರ ನೆನಪು ಕಾಡುತ್ತದೆ. ಅದನ್ನು ಹೋಗಲಾಡಿಸುವುದಕ್ಕೆ ಸ್ತ್ರೀದೋಷಗಳನ್ನು ವರ್ಣಿಸುವ ಕುಣಾಲ ಜಾತಕವು ಆರಂಭವಾಗುತ್ತದೆ. (ಆ ಜಾತಕದ ರುಚಿಯು ಬೇರೆಯೇ ಚರ್ಚೆಗೆ ತಕ್ಕದ್ದು.) ಹೀಗೆ ರೋಹಿಣಿಯ ನೀರು ಪೀಠಿಕೆಗೆ ಪೀಠಿಕೆಯಾಗಿ ನಿಂತುಬಿಟ್ಟಿತು. ಯುದ್ಧವು ತಪ್ಪಿದ ಆ ಸಂಜೆ ಕಟ್ಟೆಯ ತೂಬನ್ನು ಯಾರ ಕಡೆಗೆ ತೆಗೆದರು, ಯಾವ ದಡದ ಪೈರು ಉಳಿಯಿತು ಎಂಬುದನ್ನು ಯಾವ ಪಾಠವೂ ಹೇಳುವುದಿಲ್ಲ.

ಇದಕ್ಕೆ ಸಮಾಧಾನವಿಲ್ಲದಿಲ್ಲ. ಬುದ್ಧನ ಪ್ರಶ್ನೆಯು ನೀರಿನ ಸ್ವತಂತ್ರವಾದ ಬೆಲೆಯ ವಿಷಯವಾದುದಲ್ಲ, ಪ್ರಾಣದೊಡನೆ ಹೋಲಿಸಿದಾಗಿನ ಬೆಲೆಯ ವಿಷಯವಾದುದು. ಕತ್ತಿ ಎತ್ತಿ ನಿಂತವರ ಮುಂದೆ ಕಾಲುವೆಯ ಲೆಕ್ಕವನ್ನು ತೆಗೆಯುವುದು ಅಕಾಲಿಕ. ಮೊದಲು ರಕ್ತಪಾತವು ನಿಲ್ಲಲಿ ಎಂಬುದೇ ತಾತ್ಪರ್ಯ. ಈ ವಾದವು ಯುಕ್ತವಾದುದೇ. ಆದರೂ ಅಟ್ಠಕಥೆಯು ತಕ್ಕಡಿಯಲ್ಲಿಟ್ಟುದು ಕ್ಷತ್ರಿಯರ ಪ್ರಾಣವನ್ನೇ ಹೊರತು, ಬೆಳೆ ಹೋದರೆ ಮೊದಲು ಸಾಯುವ ಕೂಲಿಯಾಳುಗಳ ಪ್ರಾಣವನ್ನಲ್ಲ. ಅವರ ಪ್ರಾಣವನ್ನಿಟ್ಟಿದ್ದರೆ ನೀರೂ ಪ್ರಾಣವೂ ಬೇರೆಬೇರೆ ತಟ್ಟೆಗಳಲ್ಲಿ ನಿಲ್ಲುತ್ತಿರಲಿಲ್ಲ.

ಈ ಕಲಹದೊಡನೆ ಸಂಪ್ರದಾಯವು ಜೋಡಿಸಿರುವ ಇನ್ನೊಂದು ಪಾಠವನ್ನು ಓದಿದಾಗ ಈ ಲೋಪವು ಇನ್ನಷ್ಟು ಎದ್ದು ಕಾಣುತ್ತದೆ. ಅತ್ತದಂಡಸುತ್ತವು ಸುತ್ತನಿಪಾತದ ಅಟ್ಠಕವರ್ಗಕ್ಕೆ ಸೇರಿದುದು. ಬೌದ್ಧವಾಙ್ಮಯದ ಅತಿಪ್ರಾಚೀನ ಭಾಗಗಳಲ್ಲಿ ಈ ವರ್ಗವೂ ಒಂದೆಂದು ವಿದ್ವಾಂಸರು ಭಾವಿಸುತ್ತಾರೆ. ಅಲ್ಲಿ ಆಕಾಶಗಮನವಿಲ್ಲ, ರಾಜರಿಲ್ಲ, ಬೆಲೆಯ ಪ್ರಶ್ನೆಯಿಲ್ಲ. ಆಯುಧ ಹಿಡಿದವರಿಂದ ಭಯವು ಹುಟ್ಟುವುದೆಂದು ತೊಡಗಿ, ತನಗೆ ಸಂವೇಗವು ಹೇಗಾಯಿತೆಂಬುದನ್ನು ಹೇಳತಕ್ಕ ಒಬ್ಬ ಮನುಷ್ಯನ ಧ್ವನಿ ಮಾತ್ರವಿದೆ. ನೀರು ಬತ್ತುತ್ತಿರುವ ಮಡುವಿನಲ್ಲಿ ಮೀನುಗಳು ವಿಲಿವಿಲಿ ಒದ್ದಾಡುವಂತೆ ಜನರು ಒದ್ದಾಡುವುದನ್ನೂ ಒಬ್ಬರನ್ನೊಬ್ಬರು ಎದುರಿಸಿ ನಿಂತಿರುವುದನ್ನೂ ಕಂಡು ಅವನು ಹೆದರಿದನು. ಮೂಲದಲ್ಲಿ ಆ ಮಡುವಿಗೆ ಇರುವ ವಿಶೇಷಣವು ‘ಅಪ್ಪೋದಕ’, ಎಂದರೆ ಅಲ್ಪೋದಕ. ಅಟ್ಠಕಥೆಯಲ್ಲಿ ನೀರಿಗೆ ರಾಜರು ಕೊಟ್ಟ ವಿಶೇಷಣವು ‘ಅಪ್ಪಗ್ಘ’, ಎಂದರೆ ಅಲ್ಪಾರ್ಘ. ಎರಡಕ್ಕೂ ಆದಿಯಲ್ಲಿರುವುದು ಅದೇ ‘ಅಲ್ಪ’ ಶಬ್ದ. ನೀರು ಅಲ್ಪವಾಗಿದೆ ಎಂಬುದಕ್ಕೂ ನೀರಿನ ಬೆಲೆ ಅಲ್ಪ ಎಂಬುದಕ್ಕೂ ಇರುವ ಅಂತರವು ಮೀನಿಗೆ ತಿಳಿದಿದೆ. ಹಳೆಯ ಕವಿಯ ಉಪಮೆಯು ಒಳಗೊಂಡಿದ್ದ ಈ ಅರ್ಥವನ್ನು ಅದಕ್ಕೆ ಕಥೆ ಕಟ್ಟಿದ ವ್ಯಾಖ್ಯಾನಕಾರನು ಕಳೆದುಬಿಟ್ಟನೆನ್ನದೆ ವಿಧಿಯಿಲ್ಲ.

ಆಧುನಿಕರಲ್ಲಿ ಈ ಸುತ್ತದ ಬೆಲೆಯನ್ನು ಕಂಡವರು ಧರ್ಮಾನಂದ ಕೋಸಂಬಿಯವರು. ಮುಪ್ಪು, ರೋಗ, ಮರಣಗಳನ್ನು ಕಂಡು ಸಿದ್ಧಾರ್ಥನು ಮನೆ ಬಿಟ್ಟನೆಂಬ ರೂಢಿಯ ಕಥೆಯನ್ನು ಅವರು ಒಪ್ಪದೆ, ಶಾಕ್ಯ ಕೋಲಿಯರ ಕಲಹವೇ ಗೃಹತ್ಯಾಗಕ್ಕೆ ಕಾರಣವೆಂದು ಮರಾಠಿಯಲ್ಲಿ ಪ್ರತಿಪಾದಿಸಿದರು. ಇದೇ ಎಳೆಯನ್ನು ಹಿಡಿದು ಪೂರ್ಣವಾದ ಆಖ್ಯಾನವಾಗಿ ನೆಯ್ದವರು ಡಾ|| ಅಂಬೇಡ್ಕರ್. ಅವರು 1956ರ ಡಿಸೆಂಬರ್ 6ರಂದು ಕಾಲವಾದರು. ‘ಬುದ್ಧ ಮತ್ತು ಆತನ ಧಮ್ಮ’ ಎಂಬ ಅರ್ಥದ ಹೆಸರುಳ್ಳ ಅವರ ಇಂಗ್ಲಿಷ್ ಗ್ರಂಥವು 1957ರಲ್ಲಿ ಪ್ರಕಟವಾಯಿತು. ಅದರಲ್ಲಿ ರಾಜರ ಸ್ಥಾನದಲ್ಲಿ ಶಾಕ್ಯ ಸಂಘವಿದೆ, ಸಭೆಯಿದೆ, ಮತಗಣನೆಯಿದೆ. ಆಳುಗಳ ಹೊಡೆದಾಟದಿಂದ ಎರಡು ಕಡೆಯವರಿಗೂ ಗಾಯಗಳಾದ ಮೇಲೆ ಸೇನಾಪತಿಯು ಯುದ್ಧದ ಸೂಚನೆಯನ್ನು ಸಭೆಯಲ್ಲಿಡುತ್ತಾನೆ. ಸಿದ್ಧಾರ್ಥನು ಅದನ್ನು ವಿರೋಧಿಸಿ, ಮೊದಲು ತಪ್ಪು ಯಾರದೆಂಬುದರ ವಿಚಾರಣೆಯಾಗಲೆಂದೂ, ತಮ್ಮ ಕಡೆಯಿಂದ ಇಬ್ಬರು, ಕೋಲಿಯರ ಕಡೆಯಿಂದ ಇಬ್ಬರು, ಈ ನಾಲ್ವರು ಆರಿಸಿದ ಐದನೆಯವನೊಬ್ಬನು ಸೇರಿ ವಿವಾದವನ್ನು ತೀರ್ಮಾನಿಸಲೆಂದೂ ತಿದ್ದುಪಡಿಯನ್ನು ತರುತ್ತಾನೆ. ಅದು ಬಿದ್ದುಹೋಗುತ್ತದೆ. ಸೈನ್ಯಕ್ಕೆ ಸೇರಲೊಲ್ಲದುದರಿಂದ ಕುಟುಂಬದ ಮೇಲೆ ಬಹಿಷ್ಕಾರವೂ ಭೂಮಿಯ ಮುಟ್ಟುಗೋಲೂ ಬರಬಹುದಾಗಿರಲು, ಆ ಶಿಕ್ಷೆಯನ್ನು ತನ್ನೊಬ್ಬನ ಮೇಲೆ ಎಳೆದುಕೊಂಡು ಅವನು ಪರಿವ್ರಾಜಕನಾಗಿ ಹೊರಡುತ್ತಾನೆ.

ಗ್ರಂಥಕರ್ತನ ಜೀವಿತವನ್ನು ಗ್ರಂಥದೊಳಗೆ ಹುಡುಕುವುದು ವಿಮರ್ಶೆಯಲ್ಲಿ ಬಹುವೇಳೆ ಅನರ್ಥಕ್ಕೆ ದಾರಿ. ಇಲ್ಲಿ ಮಾತ್ರ ಅದನ್ನು ಬಿಟ್ಟರೆ ಅರ್ಥವು ಕುಂಟುತ್ತದೆ. 1942ರಿಂದ 1946ರವರೆಗೆ ವೈಸರಾಯಿಯ ಕಾರ್ಯಸಮಿತಿಯಲ್ಲಿ ಅಂಬೇಡ್ಕರರು ಕಾರ್ಮಿಕ ಶಾಖೆಯ ಸದಸ್ಯರಾಗಿದ್ದಾಗ ನೀರಾವರಿಯ ವಿಷಯವೂ ಅವರ ಕೈಯಲ್ಲಿತ್ತು; ದಾಮೋದರ ಕಣಿವೆಯ ಯೋಜನೆಯು ರೂಪುಗೊಂಡುದು ಆಗಲೇ. ಪ್ರಾಂತಗಳ ನೀರಿನ ವಿವಾದಗಳ ಬಗ್ಗೆ ಕರಡು ಸಂವಿಧಾನದಲ್ಲಿದ್ದ ಹಳೆಯ ವಿಧಿಗಳನ್ನು ತೆಗೆದು, ಪಾರ್ಲಿಮೆಂಟೇ ಕಾನೂನಿನಿಂದ ಏರ್ಪಾಟುಮಾಡಲೆಂಬ ಹೊಸ ವಿಧಿಯನ್ನು 1949ರ ಸೆಪ್ಟೆಂಬರಿನಲ್ಲಿ ಸಂವಿಧಾನ ಸಭೆಯ ಮುಂದಿಟ್ಟವರೂ ಅವರೇ. ಅದು ಈಗಿನ 262ನೆಯ ವಿಧಿ. ಅದರ ಮೇರೆಗೆ ಅಂತರರಾಜ್ಯ ನದೀಜಲ ವಿವಾದಗಳ ಕಾಯಿದೆಯು 1956ರಲ್ಲಿ ಬಂದಿತು. ನಾಲ್ವರು ಸೇರಿ ಐದನೆಯವನನ್ನು ಆರಿಸುವ ಸಿದ್ಧಾರ್ಥನ ಸೂಚನೆಯು ಬೋಧಿವೃಕ್ಷದ ಕೆಳಗಿನಿಂದ ಬಂದುದಲ್ಲ, ಇಂಥ ಕಡತಗಳ ನಡುವಿನಿಂದ ಬಂದುದು. ಅದು ದೋಷವೆಂದು ತಿಳಿಯಬೇಕಾದುದಿಲ್ಲ. ಸಿಂಹಳದ ಅಟ್ಠಕಥಾಕಾರನೂ ತನ್ನ ಕೆರೆಯ ಏರಿಯ ಮೇಲೆ ನಿಂತೇ ರೋಹಿಣಿಯನ್ನು ನೋಡಿದನಷ್ಟೆ.

ಅಂಬೇಡ್ಕರರ ಆಖ್ಯಾನದಲ್ಲಿ ನೀರನ್ನು ಯಾರೂ ಅಲ್ಪವೆನ್ನುವುದಿಲ್ಲ. ಇದು ಅದರ ಗುಣ. ಅಟ್ಠಕಥೆಯಲ್ಲಿ ಇದ್ದ ಕುಲನಿಂದೆಯನ್ನು ಪೂರ್ತಿಯಾಗಿ ಕೈಬಿಟ್ಟುದು ಅದರ ಕೊರತೆ. ಸಭೆಯಲ್ಲಿ ಸೇನಾಪತಿಯೂ ಸಿದ್ಧಾರ್ಥನೂ ಆಡುವ ಮಾತುಗಳು ವಾದಸರಣಿಯಲ್ಲಿ ನಿರ್ದುಷ್ಟವಾಗಿವೆ. ಆದರೆ ಜನರು ವಾದದಲ್ಲಿ ಸೋತು ಯುದ್ಧಕ್ಕೆ ಹೋಗುವುದು ಅಪರೂಪ, ಹೊಲಸು ಮಾತಿಗೆ ರೊಚ್ಚಿಗೆದ್ದು ಹೋಗುವುದೇ ಹೆಚ್ಚು ಎಂಬುದನ್ನು ಹಳೆಯ ಕಥೆಗಾರನು ಹೆಚ್ಚಾಗಿ ಬಲ್ಲನು. ವಿವೇಕದ ಪಾತ್ರಕ್ಕೆ ಎದುರಾಗಿ ನಿಲ್ಲತಕ್ಕ ರೋಷದ ಪಾತ್ರವು ಹೊಸ ಆಖ್ಯಾನದಲ್ಲಿ ಇಲ್ಲದಿರುವುದರಿಂದ ಸಿದ್ಧಾರ್ಥನ ಸೋಲು ಮತಗಣನೆಯ ಸೋಲಾಗಿ ಮಾತ್ರ ಉಳಿಯುತ್ತದೆ.

ಸಿದ್ಧಾರ್ಥನು ರಾಜಗೃಹದಲ್ಲಿರುವಾಗ ಐವರು ಪರಿವ್ರಾಜಕರು ಬಂದು ಸುದ್ದಿ ಹೇಳುವ ಸಂದರ್ಭವು ಆಖ್ಯಾನದ ಉತ್ತಮ ಭಾಗವಾಗಿದೆ. ಅವನು ಹೊರಟ ಮೇಲೆ ಶಾಕ್ಯರಲ್ಲಿ ಯುದ್ಧದ ವಿರುದ್ಧವಾಗಿ ಚಳವಳಿಯೆದ್ದು, ಸಂಘವು ಮರಳಿ ವಿಚಾರಮಾಡಿ ಐವರು ದೂತರನ್ನು ಆರಿಸಿತಂತೆ. ಕೋಲಿಯರೂ ಐವರನ್ನು ಆರಿಸಿದರಂತೆ. ಅವರೆಲ್ಲ ಕೂಡಿ ರೋಹಿಣಿಯ ನೀರಿನ ಪಾಲಿನ ಯಾವತ್ತೂ ವಿವಾದಗಳನ್ನು ತೀರ್ಮಾನಿಸಲು ಒಂದು ಶಾಶ್ವತವಾದ ಪಂಚಾಯತಿಯನ್ನು ನೇಮಿಸಲು ಒಪ್ಪಿದರಂತೆ. ಅದರ ತೀರ್ಪು ಇಬ್ಬರನ್ನೂ ಕಟ್ಟಿಹಾಕುವುದಂತೆ. ಇಲ್ಲಿ ‘ಶಾಶ್ವತ’ ಎಂಬ ವಿಶೇಷಣವು ಗಮನಾರ್ಹವಾದುದು. 1956ರ ಕಾಯಿದೆಯು ಆಯಾ ವಿವಾದಕ್ಕೆ ಆಗಾಗ ನೇಮಕವಾಗುವ ನ್ಯಾಯಮಂಡಲಿಯನ್ನು ಮಾತ್ರ ಕೊಟ್ಟಿತು. ಕಾವೇರಿಯ ಮಂಡಲಿಯು 740 ಟಿ. ಎಂ. ಸಿ. ಅಡಿ ನೀರನ್ನು ಲೆಕ್ಕಹಾಕಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿ ಅಂತಿಮ ತೀರ್ಪನ್ನು ಕೊಟ್ಟುದು 2007ರ ಫೆಬ್ರವರಿಯಲ್ಲಿ, ನೇಮಕವಾದ 17ನೆಯ ವರ್ಷದಲ್ಲಿ. ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿ ತಮಿಳುನಾಡಿನದನ್ನು 404.25ಕ್ಕೆ ಇಳಿಸಿತು. ನಿತ್ಯದ ಉಸ್ತುವಾರಿಗೆಂದು ಪ್ರಾಧಿಕಾರವೊಂದು ಏರ್ಪಟ್ಟುದು ಆ ವರ್ಷದ ಜೂನಿನಲ್ಲಿ. ಮಳೆ ತಪ್ಪಿದ ವರ್ಷದಲ್ಲಿ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕೆಂದು 2007ರ ತೀರ್ಪಿನಲ್ಲಿದೆ; ಹಂಚಿದರೆ ಯಾರಿಗೂ ಸಾಲದೆಂದು ಕೋಲಿಯರ ಆಳುಗಳು ಆಕ್ಷೇಪಿಸಿದುದು ಇದೇ ಬಗೆಯ ಹಂಚಿಕೆಯನ್ನು.

ಸಂಧಿಯ ಸುದ್ದಿಯನ್ನು ಕೇಳಿ ಸಂತೋಷಪಟ್ಟರೂ ಸಿದ್ಧಾರ್ಥನು ಕಪಿಲವಸ್ತುವಿಗೆ ಹಿಂದಿರುಗುವುದಿಲ್ಲ. ಮನುಷ್ಯರ ಕಲಹದ ಮೂಲವು ರೋಹಿಣಿಯಲ್ಲಿ ಮುಗಿಯುವುದಲ್ಲವೆಂದು ಅವನಿಗೆ ತೋರುತ್ತದೆ. ಅಲ್ಲಿಗೆ ನದಿಯು ಈ ಗ್ರಂಥದಲ್ಲಿಯೂ ಹಿಂದೆ ಉಳಿಯುತ್ತದೆ. ದೂತರಾಗಿ ಹೋದ ಹತ್ತು ಮಂದಿಯೂ ಸಭೆಗಳು ಆರಿಸಿ ಕಳುಹಿಸಿದವರು. ಜ್ಯೇಷ್ಠಮಾಸದಲ್ಲಿ ಕಟ್ಟೆಯ ಬಳಿ ಮೊದಲು ಮಾತೆತ್ತಿದ ಆಳುಗಳು ಆ ಹತ್ತರಲ್ಲಿಯೂ ಇಲ್ಲ.